ಪಕ್ಕದ ಸೀಟಿಗೆ ಬಂದ ಚೋಕ್ ಮಾಮ

“ಚೋಕ್ ಎಳೆದ್ಯಾ?”

“ಎಳೆದೆ.”

“ಪೂರ್ತಿ?”

“ಪೂರ್ತಿ ರೀ. ಸ್ವಲ್ಪ ಸುಮ್ನೆ ಕೂತ್ಕೊಳ್ಳಿ.”

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಎರಡೇ ಸೀಟಿನ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು ಒಂದೆರಡು ಸಲ ಕೆಮ್ಮಿ, ಆಮೇಲೆ ಗುಡುಗುತ್ತ ಏಳುತ್ತದೆ. ಸ್ಟೀರಿಂಗ್ ಹಿಡಿದು ಕೂತವರು ಅರವತ್ತರ ಆಸುಪಾಸಿನ ಹೆಂಗಸು, ಕಸುಬಿನಲ್ಲಿ ಟೈಲರ್. ಹೊರಗೆ ಸ್ಟೂಲಿನ ಮೇಲೆ ಊರುಗೋಲು ಹಿಡಿದು ಕೂತು ಅಧಿಕಾರ ಚಲಾಯಿಸುತ್ತಿರುವವರು ಆಕೆಯ ಗಂಡ, ಮೆಕ್ಯಾನಿಕ್. ಹಳೆ ಕಾರು ಇಟ್ಟುಕೊಂಡವರಿಗೆಲ್ಲ ಅವರು ಚೋಕ್ ಮಾಮ. ಯಾರು ಎಂಥ ದೂರು ಹೊತ್ತು ಬಂದರೂ ಅವರ ಮೊದಲ ಪ್ರಶ್ನೆ ಒಂದೇ: ಚೋಕ್ ಎಳೆದ್ರಾ? ಚೋಕ್ ಎಂದರೆ ತಣ್ಣಗಿನ ಎಂಜಿನ್ ಎಬ್ಬಿಸಲು ಎಳೆಯುವ ಗುಂಡಿ; ಬ್ರೇಕ್ ಹಿಡಿಯುತ್ತಿಲ್ಲ ಎಂದವರಿಗೂ ಅದನ್ನೇ ಕೇಳುತ್ತಾರೆ ಎನ್ನುವುದು ಹೆಂಡತಿಯ ಆರೋಪ.

ಮಾಮ ಹುಡುಗನಾಗಿದ್ದಾಗ ಬಸ್ ಡಿಪೋದಲ್ಲಿ ಎಂಜಿನ್ ತೊಳೆಯುತ್ತಿದ್ದರಂತೆ. ಒಂದು ದಿನ ಗೇಟಿನ ಮುಂದೆ ಇಂಥದೇ ಕಾರೊಂದು ಹಾದುಹೋಯಿತು. “ಅವತ್ತು ತಿರುಗಿದ ಕುತ್ತಿಗೆ ಇವತ್ತಿಗೂ ನೆಟ್ಟಗಾಗಿಲ್ಲ” ಎಂದು ನಗುತ್ತಾರೆ. ಮದುವೆಯಾದ ಹೊಸತರಲ್ಲಿ ಗುಜರಿಯವನ ಹಿತ್ತಲಲ್ಲಿ ಈ ಕಾರು ಕಣ್ಣಿಗೆ ಬಿತ್ತು. ಬಾಗಿಲು ಒಂದು ಕಡೆ, ಬಾನೆಟ್ ಇನ್ನೊಂದು ಕಡೆ, ಸೀಟಿದ್ದ ಜಾಗದಲ್ಲಿ ಕಾವಿಗೆ ಕೂತ ಕೋಳಿ. ಬಿಡಿಭಾಗ ಸಿಗದ ಕಾರನ್ನು ದುಡಿಮೆ ಮುಗಿದ ಸಂಜೆಗಳಲ್ಲಿ ಕೂಡಿಸುತ್ತ ಹೋದರು. ಅದು ರಸ್ತೆಗಿಳಿಯುವ ಹೊತ್ತಿಗೆ ಮಗಳು ಹುಟ್ಟಿ, ಬೆಳೆದು, ಶಾಲೆಗೆ ಹೋಗತೊಡಗಿದ್ದಳು. ಈಗಲೂ ಮಗಳು ಫೋನ್ ಮಾಡಿದರೆ ಕಾರಿನ ಬಗ್ಗೆಯೇ ಮೊದಲು ಕೇಳುವುದು “ಅಕ್ಕ ಹೇಗಿದಾಳೆ?” ಎಂದು.

“ಆ ಹೆಡ್‌ಲೈಟ್ ಸುತ್ತ ಬಳೆ ಕಾಣ್ತಿದೆಯಲ್ಲ, ಅದು ನನ್ನ ಸ್ಟೀಲ್ ಡಬ್ಬಿ ಮುಚ್ಚಳದ್ದು” ಎನ್ನುತ್ತಾರೆ ಹೆಂಡತಿ. “ಡಬ್ಬಿ ಇನ್ನೂ ಮುಚ್ಚಳ ಇಲ್ದೆ ಬಾಯಿ ಬಿಟ್ಕೊಂಡು ಕೂತಿದೆ.”

ಮಾಮನ ಹತ್ತಿರ ಬುದ್ಧಿಮಾತಿಗೆ ಬರವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಶೆಡ್ಡಿಗೆ ಬರುವ ಮೂರು ನಾಲ್ಕು ಕಾರುಗಳಿಗೆ ರಿಪೇರಿ, ಅವುಗಳ ಮಾಲೀಕರಿಗೆ ಪಾಠ. ತುಂಬಾ ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಚ್ಚಿಕೊಂಡುಬಿಡುತ್ತೆ, ಚಕ್ರಕ್ಕೆ ಇಟ್ಟಿಗೆ ಕೊಡಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವರಿ ತುಕ್ಕು ಹಿಡಿಯುತ್ತೆ, ಹಳೇ ಕಾಟನ್ ಬೆಡ್‌ಶೀಟ್ ಸಾಕು. ಎಲ್ಲಕ್ಕಿಂತ ದೊಡ್ಡ ಪಾಠ ಒಂದಿದೆ: ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಬೇಡಿ. “ಎಂಜಿನ್ ಪೂರ್ತಿ ಬಿಸಿ ಆಗಲ್ಲ. ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತೆ. ಅದು ಒಳಗಿಂದೊಳಗೇ ತಿಂದುಹಾಕುತ್ತೆ. ತೆಗೆದರೆ ಓಡಿಸಬೇಕು, ಇಲ್ಲ ಅಂದ್ರೆ ಮುಟ್ಟಬಾರದು.”

ಹೀಗೆ ಹೇಳುವ ಮನುಷ್ಯ ಕಳೆದ ವರ್ಷ ಮಾಡಿದ್ದು ಅದನ್ನೇ. ಎಡ ಮಂಡಿಗೆ ಆಪರೇಷನ್ ಆಯಿತು. ಕಲ್ಲಿನಷ್ಟು ಗಟ್ಟಿಯಾದ ಈ ಕ್ಲಚ್ಚನ್ನು ಇನ್ನು ತುಳಿಯುವ ಹಾಗಿಲ್ಲ ಎಂದರು ಡಾಕ್ಟರು. ಬೇರೆಯವರ ಕೈಗೆ ಕೊಡಲು ಮಾಮನಿಗೆ ಮನಸ್ಸಾಗಲಿಲ್ಲ. ದಿನಾ ಬೆಳಿಗ್ಗೆ ಕುಂಟುತ್ತ ಬಂದು ಸ್ಟಾರ್ಟ್ ಮಾಡುವುದು, ಐದು ನಿಮಿಷ ಕೇಳುವುದು, ಆಫ್ ಮಾಡುವುದು. ಕೊನೆಗೊಂದು ದಿನ ಗಿರಾಕಿಗಳ ಎದುರಿಗೇ ಸೈಲೆನ್ಸರ್ ತೂತಾಗಿ ನೆಲಕ್ಕೆ ಬಿತ್ತು. ನಾಚಿಕೆಯಿಂದ ಸತ್ತೇಹೋದೆ ಎನ್ನುತ್ತಾರೆ ಮಾಮ. ನಿಂತರೆ ಕಾರು ಹಾಳಾಗುತ್ತದೆ, ಓಡಿಸಲು ತನ್ನ ಕೈಲಾಗದು. ಹಾಗಾಗಿ ಅದನ್ನು ಮಾರುವುದೆಂದು ತೀರ್ಮಾನಿಸಿದರು.

ಕೊಳ್ಳುವವರು ಬಂದು ಬಾಗಿಲು ತೆಗೆದಾಗ ಒಳಗೆ ಟೈಲರಮ್ಮ ಕೂತಿದ್ದರು. “ಮಾರೋದಿಲ್ಲ, ನಾನು ಓಡಿಸ್ತೀನಿ” ಎಂದರಂತೆ. ಆಗ ಆಕೆಗೆ ಕಾರು ಬಿಡಲು ಬರುತ್ತಲೇ ಇರಲಿಲ್ಲ! “ಈ ಸೀಟು, ಮೇಲಿನ ಬಟ್ಟೆ ಹುಡ್ಡು, ಎಲ್ಲಾ ನಾನೇ ಹೊಲಿದಿದ್ದು. ಕೂರೋಕೆ ಯಾರ ಅಪ್ಪಣೆ ಬೇಕು?” ಮಾರನೇ ದಿನವೇ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಲೈಸೆನ್ಸ್ ಬಂತು. ಹೊಸ ಸೈಲೆನ್ಸರ್ ಹಾಕಿದ ಕಾರನ್ನು, ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಮತಟ್ಟಾದ ರಸ್ತೆಯಲ್ಲಿ ಓಡಿಸಿಯೂ ಆಯಿತು.

ಉಳಿದಿರುವುದು ನೀರಿನ ಟ್ಯಾಂಕಿಗೆ ಹತ್ತುವ ಕಡಿದಾದ ಏರು. ಅಲ್ಲಿ ಕಾರು ಓಡುತ್ತಿರುವಾಗಲೇ ಮೊದಲ ಗೇರಿಗೆ ಇಳಿಸಬೇಕು. ಈಗಿನ ಕಾರಿನ ಹಾಗೆ ಗೇರು ತಾನಾಗಿ ಒಪ್ಪುವುದಿಲ್ಲ. ಕ್ಲಚ್ ತುಳಿದು ಗೇರು ಬಿಡಿಸಿ, ಕ್ಲಚ್ ಬಿಟ್ಟು ಒಂಚೂರು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಗೇರು ಹಾಕಬೇಕು. ತಪ್ಪಿದರೆ ಗೇರಿನ ಹಲ್ಲು ಹೋಗುತ್ತದೆ. ಹಲ್ಲು ಹೋದರೆ ಈ ಕಾರಿಗೆ ಇನ್ನೊಂದು ಗೇರ್‌ಬಾಕ್ಸ್ ಎಲ್ಲೂ ಸಿಗುವುದಿಲ್ಲ.

ಇವತ್ತು ಆ ಏರು ಹತ್ತುವ ದಿನ. ಟೈಲರಮ್ಮನದು ಒಂದೇ ಷರತ್ತು, ಕಾರಿನೊಳಗೆ ಗಂಡ ಬಾಯಿ ತೆರೆಯಕೂಡದು. ಮಾಮ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಮೂರನೆಯವರಿಗೆ ಜಾಗವಿಲ್ಲದ್ದರಿಂದ, ಇವರ ಬಗ್ಗೆ ಬರೆಯಲು ಬಂದ ನಾನು ಸ್ಕೂಟರಿನಲ್ಲಿ ಹಿಂದೆ. ಏರಿನ ಬುಡದಲ್ಲಿ ಕಾರಿನ ವೇಗ ತಗ್ಗುತ್ತದೆ. ಮಾಮನ ಕೈ ಬಾಗಿಲನ್ನು ಬಿಗಿಯಾಗಿ ಹಿಡಿದಿರುವುದು ನನಗೆ ಕಾಣುತ್ತದೆ. ಸದ್ದು ಒಮ್ಮೆ ತಗ್ಗಿ, ಚೂರು ಏರಿ, ಮತ್ತೆ ತಗ್ಗುತ್ತದೆ. ಗೇರಿನ ಹಲ್ಲು ಕರಕರ ಅನ್ನುವುದಿಲ್ಲ. ಕಾರು ಏರು ಹತ್ತುತ್ತದೆ.

ಮೇಲೆ ತಲುಪಿದಾಗ ಮಾಮನ ಕಣ್ಣು ಒದ್ದೆ. “ಈಗ ಮಾತಾಡಿ ಪರವಾಗಿಲ್ಲ” ಎನ್ನುತ್ತಾರೆ ಹೆಂಡತಿ. “ಹೇಗೆ ಬಂತು ನಿಂಗೆ?” ಎಂದು ಮಾಮ ಕೇಳುತ್ತಾರೆ. “ಹೊಲಿಗೆ ಮಷೀನ್ ತುಳಿದ ಕಾಲು ರೀ ಇದು. ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಅನ್ನೋದು ಕಾಲಿಗೆ ಗೊತ್ತು.”

ಮಾಮ ಸಂಕೋಚದಿಂದ ಒಂದು ಆಸೆ ಹೇಳುತ್ತಾರೆ. “ಇಷ್ಟು ವರ್ಷ ಒಳಗೇ ಕೂತಿದ್ದೆ. ಇದು ರಸ್ತೇಲಿ ಹೋಗೋ ಸದ್ದನ್ನ ಹೊರಗೆ ನಿಂತು ಕೇಳೇ ಇಲ್ಲ. ನನ್ನ ಕೆಳಗೆ ಇಳಿಸಿ, ಇನ್ನೊಂದ್ಸಲ ಹತ್ತಿಸ್ತೀಯಾ?”

ಏರಿನ ಬುಡದ ಚಹಾ ಅಂಗಡಿಯ ಮುಂದೆ ಅವರು ಊರುಗೋಲು ಊರಿ ನನ್ನ ಪಕ್ಕ ನಿಲ್ಲುತ್ತಾರೆ. ಕೆಂಪು ಕಾರು ನಮ್ಮನ್ನು ದಾಟಿ, ಗೇರು ಇಳಿಸಿ, ಗುಡುಗುತ್ತ ಮೇಲೇರುತ್ತದೆ. ಡಿಪೋದ ಗೇಟಿನಲ್ಲಿ ತಿರುಗಿದ ಹಾಗೆಯೇ ಮಾಮನ ಕುತ್ತಿಗೆ ಅದರ ಹಿಂದೆ ತಿರುಗುತ್ತದೆ.

“ಯಾರದ್ದು ಸ್ವಾಮಿ ಆ ಕಾರು?” ಚಹಾ ಅಂಗಡಿಯವನು ಕೇಳುತ್ತಾನೆ.

“ನಮ್ಮ ಮನೆಯವರದ್ದು” ಎನ್ನುತ್ತಾರೆ ಚೋಕ್ ಮಾಮ.