ಬನ್ನಿಗಿಡಕ್ಕಿಟ್ಟ ಎಡಿ

ಮೊನ್ನೆ ಅರಿವಿ ತರಾಕಂತ ಮಾಳಿಗಿ ಹತ್ತಿದ್ದೆ. ಬಾಜು ಮನಿಯವರು ಮೆಣಸಿನಕಾಯಿ ಒಣಾಕ ಹಾಕಿದ್ರು. ನಾಕು ಸಲ ಸೀನಿದೆ. ಸೀನೇನೋ ನಿಂತಿತು, ಎದಿ ಡವಡವ ಅನ್ನೂದು ನಿಲ್ಲಲಿಲ್ಲ. ಐದು ವರ್ಷ ಆತು, ಆ ಘಾಟು ಮೂಗಿಗೆ ಬಡದ್ರ ನನಗ ಅಂಜಿಕಿ ಬರತೈತಿ. ನಗಬ್ಯಾಡ್ರಿ. ನಾನು ಹೈಸ್ಕೂಲಿನಾಗ ವಿಜ್ಞಾನ ಕಲಿಸಾಕಿ. ದೆವ್ವ ಅನ್ನೂದು ಇಲ್ಲ ಅಂತ ಬೋರ್ಡಿನ ಮ್ಯಾಲ ಬರದು, ಕೆಳಗ ಎರಡು ಗೆರಿ ಎಳದಾಕಿ.

ನಮ್ಮಕ್ಕ ನೀಲವ್ವ ಗಂಡ ತೀರಿಕೊಂಡ ಮ್ಯಾಲ ಒಂದು ವರ್ಷ ಬೆಟಗೇರಿಯೊಳಗ ನನ್ನ ಮನ್ಯಾಗ ಇದ್ದಳು. ಆಮ್ಯಾಲ ಒಂದಿನ ಯಾರನ್ನೂ ಕೇಳದ ಶಿರಹಟ್ಟಿ ಕಡೆ ನಾಕು ಎಕರೆ ಎರಿ ಹೊಲ ಗುತ್ತಿಗಿ ಮಾತಾಡಿ ಲಾವಣಿಗೆ ಹಿಡದಳು. ಯಾರೂ ಮಾಡಲಾರದ ಹೊಲ ಅದು. ಬಾವಿ ಬಾಜೂಕ ಇರೂ ಬನ್ನಿಗಿಡದಾಗ ಏನೋ ಐತಿ, ಹೊತ್ತು ಮುಳಗಿದ್ರ ಹೆಸರು ಹಿಡದು ಕರೀತೈತಿ ಅಂತ ಸುತ್ತ ಹಳ್ಳಿಗೆಲ್ಲಾ ಖಬರ. ಅಕ್ಕ ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ, ಮೆಣಸಿನಗಿಡ ಹಚ್ಚಿದಳು. ಗಿಡ ಕೆಂಪಗ ತುಂಬಿ ನಿಂತಾಗ, ಬಿಡಿಸಾಕ ಬಂದ ಹೆಣ್ಣಾಳು ಎರಡನೇ ದಿನಾನ ವಾಪಸ್ ಹೋದ್ರು. ಆ ಗುಂಪಿನ ಹಿರ್ಯಾಕಿ ಫಕೀರವ್ವನ್ನ ಸಂಜಿಮುಂದ ಯಾರೋ ಕರದ್ರಂತ, ಎರಡು ಸಲ. ಮ್ಯಾಲ ಮೋಡ ಕಟ್ಟಾಕತ್ತಿತ್ತು. ಮಳಿ ಬಿದ್ರ ಕಾಯಿ ಗಿಡದಾಗ ಕೊಳೀತಿದ್ವು.

ಅಕ್ಕ ಹೋಗಿ ಕೈ ಮುಗದಾಗ ಫಕೀರವ್ವ ಒಂದ ಮಾತು ಹೇಳಿದ್ಲಂತ. "ನೀವು ಅಲ್ಲಿ ಒಂದ ರಾತ್ರಿ ವಸ್ತಿ ಮಾಡ್ರಿ. ಬನ್ನಿಗಿಡದ ಬುಡಕ್ಕ ಎಡಿ ಇಡ್ರಿ. ಮುಂಜಾನಿ ಎಲಿ ಖಾಲಿ ಇತ್ತಂದ್ರ ಅದು ಒಪ್ಪಿದಂಗ, ನಾವು ಹೊಲಕ್ಕ ಇಳಿತೀವಿ. ಇಲ್ಲಂದ್ರ ಇಲ್ರಿ."

"ನಾಯಿ ತಿಂದ್ರೂ ಎಲಿ ಖಾಲಿ ಆಗತೈತಿ, ನಡಿಯಕ್ಕ, ನಾನೂ ಬರತೀನಿ" ಅಂದೆ. ನನ್ನ ಧೈರ್ಯ ಅಂದ್ರ ಹಂಗ, ಹಗಲಿನಾಗ ಭಾಳ ಇರತೈತಿ.

ಸಾಲಿಯೊಳಗ ಸ್ಕೌಟಿನವರ ಹಳೇ ಡೇರೆ ಒಂದಿತ್ತು, ಕೇಳಿ ತಗೊಂಡು ಹೋದೆ. ಎರಿ ಹೊಲ ನಿಮಗ ಗೊತ್ತಲ್ಲ, ಬ್ಯಾಸಿಗಿ ಹತ್ರ ಬಂದಂಗ ಕೈ ಹಿಡಿಸೂವಷ್ಟು ಬಿರುಕು ಬಿಡತೈತಿ. ನಾನು ಹೊಡದ ಗೂಟ ಮೂರು ಸೀದಾ ಒಳಗ ಇಳದು ಕಾಣದಂಗ ಆದ್ವು. ಕಡೀಕ ಡೇರೆ ಹಗ್ಗ ನನ್ನ ಸ್ಕೂಟಿಗೆ ಕಟ್ಟಿದ್ವಿ. ಅಕ್ಕ ಅಷ್ಟ್ರಾಗ ಬಾಳಿ ಎಲಿ ಹಾಸಿ ಬಡಸಾಕತ್ತಿದ್ಲು: ಸಜ್ಜಿ ರೊಟ್ಟಿ, ಎಣಗಾಯಿ, ಗುರೆಳ್ಳ ಚಟ್ನಿ, ಮೊಸರನ್ನ, ಮ್ಯಾಲ ಎರಡು ಹೋಳಿಗಿ.

"ದೆವ್ವಕ್ಕ ಹೋಳಿಗಿ ಯಾಕ ಬೇ?"

"ಬಂದವರಿಗೆ ಸಿಹಿ ಮಾಡೂದಿಲ್ಲೇನು?"

"ಬಂದಾವರು ನಾವು. ಮನಿ ಅದರದು."

ಅಕ್ಕ ನಗಲಿಲ್ಲ. ನನಗೂ ಅಂದ ಮ್ಯಾಲ ಬ್ಯಾಡಾಗಿತ್ತು ಅನಿಸಿತು.

ಕತ್ತಲಾದ ಮ್ಯಾಲ ಕಪ್ಪತಗುಡ್ಡದ ಕಡೆ ಕರೆಂಟಿನ ಗಾಳಿಕಂಬಗಳ ಕೆಂಪು ದೀಪ ಎಲ್ಲಾ ಒಮ್ಮೆಲೇ ಹತ್ತೂದು, ಒಮ್ಮೆಲೇ ಆರೂದು. ದೀಪ ಆರಿದಾಗೊಮ್ಮೆ ನಾನು ಉಸಿರು ಹಿಡೀತಿದ್ದೆ. ಎಷ್ಟು ಹೊತ್ತಾಗಿತ್ತೋ, ಡೇರೆ ಹೊರಗ ಯಾರೋ ಅಡ್ಯಾಡಿದಂಗಾತು. ಒಣ ಎಲಿ ಚರ್ ಅನ್ನೂದು, ನಿಲ್ಲೂದು. ಮತ್ತ ಚರ್ ಅನ್ನೂದು. ನನ್ನ ತಲಿದೆಸಿಗೆ ಬಂದು ನಿಂತುಬಿಟ್ಟಿತು. ಗಾಳಿ ಇರಬೇಕು, ಹೆಗ್ಗಣ ಇರಬೇಕು, ಗೊತ್ತಿದ್ದ ವಿಜ್ಞಾನ ಎಲ್ಲಾ ನೆನಪು ಮಾಡಿಕೊಂಡೆ. ಒಂದೂ ಉಪಯೋಗಕ್ಕ ಬರಲಿಲ್ಲ. ಈಗ ನನ್ನ ಹೆಸರು ಕರದ್ರ ಏನ್ ಮಾಡ್ಲಿ ಅನ್ನೂದೊಂದ ತಲ್ಯಾಗ. ಏನದು ಅಂತ ಇವತ್ತಿಗೂ ನನಗ ಗೊತ್ತಿಲ್ಲ.

"ಅಂಜಿಕಿ ಬಂತೇನು?" ಅಕ್ಕ ಪಿಸುಗುಟ್ಟಿದಳು.

"ಇಲ್ಲ" ಅಂದೆ. ಆಕೀ ಕೈ ಹಿಡಕೊಂಡಿದ್ದೆ, ಬೆವತ ಕೈಲೆ.

"ನನಗ ಇದರ ಅಂಜಿಕಿ ಇಲ್ಲವಾ. ನಾಳೆ ಅವರು ಬರಲಿಲ್ಲಂದ್ರ ಮತ್ತ ನಿನ್ನ ಮನ್ಯಾಗ ಬಂದು ಕುಂದ್ರಬೇಕಲ್ಲ, ಅದರದ ಅಂಜಿಕಿ."

"ಕುಂತ್ರ ಏನಾತು? ನನ್ನ ಮನಿ ನಿನ್ನ ಮನಿ ಅಲ್ಲೇನು?"

"ಒಂದ ವರ್ಷ ಕುಂತೀನಲ್ಲ" ಅಂದಳು, ಅಷ್ಟ.

ಚಲೋ ನೋಡಿಕೊಂಡೀನಿ ಅಂತ ನಾನು ತಿಳಕೊಂಡಿದ್ದೆ. ಆಕಿ ಚಹಾ ಮಾಡಿಕೊಳ್ಳಾಕೂ ನನ್ನ ಕೇಳತಿದ್ಲು, ಅದನ್ನ ನಾನು ಮರ್ಯಾದಿ ಅಂತ ತಿಳದಿದ್ದೆ. ಹೊರಗಿನ ಸಪ್ಪಳಕ್ಕಿಂತ ಇದ ಎದಿಗೆ ಜಾಸ್ತಿ ಹತ್ತಿತು.

ನಸುಕಿನಾಗ ಅಕ್ಕಗ ಜೊಂಪು ಹತ್ತಿದಾಗ ಬ್ಯಾಟರಿ ಹಿಡದು ಗಿಡದ ಹತ್ರ ಹೋದೆ. ಎಡಿ ಇಟ್ಟದ್ದು ಇಟ್ಟಂಗ ಐತಿ. ನಾಯಿ ಬಂದಿಲ್ಲ, ನರಿ ಬಂದಿಲ್ಲ, ಒಂದ ಇರುವಿ ಸೈತ ಮುಟ್ಟಿಲ್ಲ. ಅಷ್ಟ್ರಾಗ ಬಂಡಿದಾರಿ ಕಡೆ ಹೆಣ್ಣಾಳಿನ ಮಾತು ಕೇಳಿಬಂತು. ಎಡಿ ಬಾವ್ಯಾಗ ಒಗದ್ರ ತೇಲತೈತಿ, ಬಿರುಕಿನಾಗ ತುರುಕಿದ್ರ ಅಂಚಿಗೆ ಮೆತ್ತತೈತಿ, ಹೊಲದಾಗ ಚೆಲ್ಲಿದ್ರ ಕಾಣತೈತಿ. ಅಲ್ಲೇ ಕುಕ್ಕರಗಾಲಿಲೆ ಕುಂತೆ. "ತಪ್ಪಾತಪಾ, ನಮ್ಮಕ್ಕನ ಸಲುವಾಗಿ" ಅಂತ ಗಿಡಕ್ಕ ಕೈ ಮುಗದೆ, ಹೌದ್ರಿ, ನಾನ ಮುಗದೆ, ಮುಗದು ತಿನ್ನಾಕ ಸುರು ಮಾಡಿದೆ. ಸೆಟದ ರೊಟ್ಟಿ ಗಂಟಲದಾಗ ಇಳೀವಲ್ದು. ಬೆನ್ನ ಹಿಂದ ಯಾರೋ ನಿಂತು ನೋಡಾಕತ್ತಾರ ಅನ್ನೂ ಅಂಜಿಕಿಗೆ ಹೊಳ್ಳಿ ನೋಡದ ಹೋಳಿಗಿ ಎರಡೂ ನುಂಗಿದೆ.

ಫಕೀರವ್ವ ಬಂದಾಕಿ ಎಲಿ ನೋಡಿದಳು, ನನ್ನ ಮಾರಿ ನೋಡಿದಳು. "ಆತು ಬಿಡ್ರಿ" ಅಂತ ಸೆರಗು ಸಿಗಿಸಿ ಹೊಲಕ್ಕ ಇಳದಳು. ಹಿಂದ ಎಲ್ಲಾರೂ ಇಳದ್ರು. ಮಳಿ ಬರೂದ್ರಾಗ ಬಿಡಿಸೂದು ಮುಗೀತು. ಅವತ್ತಿನಿಂದ ಪ್ರತಿ ವರ್ಷ ಬಿಡಿಸೂ ಮುಂಚಿನ ದಿನ ಅಕ್ಕ, ನಾನು ವಸ್ತಿ. ಪ್ರತಿ ವರ್ಷ ನಸುಕಿನಾಗ ಅಕ್ಕ ನಿದ್ದಿ ಮಾಡತಾಳ, ಎಲಿ ಖಾಲಿ ಆಗತೈತಿ.

ನಾನು ಮಾಳಿಗಿ ಮ್ಯಾಲ ಸೀನಿದ ಮರುದಿನ ಫಕೀರವ್ವ ಮಗಳ ಮದವಿಗೆ ಸೀರಿ ತಗೊಳ್ಳಾಕಂತ ಬೆಟಗೇರಿಗೆ ಬಂದಾಕಿ ನಮ್ಮ ಮನಿಗೂ ಬಂದ್ಲು. ಚಹಾ ಕೊಟ್ಟೆ. ಈ ಸುಳ್ಳು ಎಷ್ಟು ದಿನ ಹೊರೂದು ಅಂತ ತಡೀದ ಹೇಳಿಬಿಟ್ಟೆ. "ಎಡಿ ತಿಂದಾಕಿ ನಾನ, ಫಕೀರವ್ವ."

ಆಕಿ ಚಹಾದ ಬಸಿ ಕೆಳಗ ಸೈತ ಇಡಲಿಲ್ಲ. "ಗೊತ್ತೈತ್ರಿ ಬಾಯಾರ. ನಾಯಿ ಆಗಲಿ, ಪೀಡಿ ಆಗಲಿ, ಉಂಡ ಎಲಿ ಮಡಚಿ ಇಡತಾವೇನ್ರಿ?"

ಉಂಡ ಮ್ಯಾಲ ಎಲಿ ಮಡಚೂದು ನನ್ನ ಕೈಗೆ ಹತ್ತಿದ ರೂಢಿ. ಮಡಚಿದ ಖಬರ ಸೈತ ನನಗಿಲ್ಲ, ಐದೂ ವರ್ಷ.

"ಮತ್ತ ಯಾಕ ಹೊಲಕ್ಕ ಇಳದ್ರಿ?"

"ನನ್ನ ಕರದದ್ದು ಖರೆ ಐತ್ರಿ. ಅಂಜಿಕಿ ಇವತ್ತಿಗೂ ಐತಿ. ಆದ್ರ ಇಲ್ಲೀತನಕ ಮಾಲಕರು ಎಲ್ಲಾರೂ ನಮ್ಮ ಅಂಜಿಕಿಗೆ ನಕ್ಕಾರ. ಅದರ ಸಲುವಾಗಿ ರಾತ್ರಿ ನಿದ್ದಿಗೆಟ್ಟಾವರು ನೀವಿಬ್ಬರ." ಎದ್ದು ಹೊಂಟಾಕಿ ಬಾಗಲದಾಗ ನಿಂತಳು. "ಈ ಸಲ ವಸ್ತಿಗೆ ನಾನೂ ಬರತೀನ್ರಿ. ಅಕ್ಕಾರೂ ಎಷ್ಟು ವರ್ಷಂತ ನಿದ್ದಿ ಬಂದಂಗ ಮಾಡಬೇಕು?"