ಸಿಪಾಯಿ ಅಜ್ಜನ ಹೆಸರು

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಸಿದ್ದಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದೆವ್ವ ಗಿವ್ವ ಎಂದು ಹೆದರುವ ಮಕ್ಕಳನ್ನು ಗದರಿದ್ದೂ ಉಂಟು. ಆದ್ದರಿಂದ ನಾನೀಗ ಬರೆಯುತ್ತಿರುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಕೋಲಸಿರ್ಸಿಯ ನಮ್ಮ ಮನೆತನದ ಮೊದಲಿಗನನ್ನು ಎಲ್ಲರೂ ಸಿಪಾಯಿ ಅಜ್ಜ ಎನ್ನುತ್ತಿದ್ದರು. ಬ್ರಿಟಿಷರ ದಂಡಿನಲ್ಲಿದ್ದು, ಅದನ್ನು ಬಿಟ್ಟು ಬಂದು, ಇಲ್ಲಿ ಕಾಡು ಸವರಿ ಗದ್ದೆ ಮಾಡಿದವನು. ನನ್ನ ಅಪ್ಪನಿಗೆ ಅವನು ಮುತ್ತಜ್ಜ. ಎಲ್ಲಿಂದ ಬಂದ, ಹೆಸರೇನು ಎಂಬುದು ಅಪ್ಪನಿಗೂ ಗೊತ್ತಿರಲಿಲ್ಲ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಬಡಿಸಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವಾಗ ಆ ಒಂದು ಎಡೆಯ ಮುಂದೆ ಅಪ್ಪ ತಡವರಿಸುತ್ತಿದ್ದರು.

"ಅನ್ನದ ದಾರಿ ಮಾಡಿಕೊಟ್ಟವನನ್ನ ಹೆಸರಿಲ್ದೆ ಕರೀತೇವಲ್ಲೇ. ನಾ ಸಾಯೂದ್ರೊಳಗೆ ಒಂದ್ಸಲನಾದ್ರೂ ಹೆಸರು ಹೇಳಿ ಕರೀಬೇಕು" ಎಂದು ಒಮ್ಮೆ ಹೇಳಿದರು. ಆಗ ಅವರಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು.

ಎರಡು ವರ್ಷ ಹುಡುಕಿದೆ. ಶಿರಸಿ, ಯಲ್ಲಾಪುರದ ಕಚೇರಿಗಳಲ್ಲಿ ಹಳೆಯ ಕಾಗದ ತೆಗೆಸಿದೆ. ಎಷ್ಟೋ ದಾಖಲೆ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದವು. ಓದಬಲ್ಲ ಮುದುಕರೊಬ್ಬರನ್ನು ಹುಡುಕಿ ಕರೆದೊಯ್ದೆ. ಏನೂ ಸಿಗಲಿಲ್ಲ. ಕೈಬಿಟ್ಟೆ.

ತೊಂಬತ್ತರ ದಶಕದ ಕೊನೆಯ ಒಂದು ಮೇ ತಿಂಗಳು. ಗೆಳತಿಯ ಮದುವೆಗೆಂದು ಯಲ್ಲಾಪುರದಿಂದ ಅಂಕೋಲೆಯ ಬಸ್ಸು ಹತ್ತಿದ್ದೆ. ಅರಬೈಲ್ ಘಟ್ಟದಲ್ಲಿ ಲಾರಿಯೊಂದು ಕೆಟ್ಟು ನಿಂತು ನಮ್ಮ ಬಸ್ಸೂ ನಿಂತಿತು. ಸುಡುವ ಮಧ್ಯಾಹ್ನ. ಎಲ್ಲರೂ ತೂಕಡಿಸುತ್ತಿದ್ದರು. ನಾನು ಎಚ್ಚರವಾಗಿದ್ದೆ, ಅದು ನನಗೆ ಚೆನ್ನಾಗಿ ನೆನಪಿದೆ.

"ಅವ್ವಾ, ಇಲ್ಲೇ ಇಳಿ."

ಕಿಟಕಿಯ ಹೊರಗಿನಿಂದ, ಕಿವಿಯ ಹತ್ತಿರವೇ. ತಿರುಗಿ ನೋಡಿದರೆ ಯಾರೂ ಇಲ್ಲ. ಕಿಟಕಿಯ ಕೆಳಗೆ ಮನುಷ್ಯ ನಿಲ್ಲುವಷ್ಟು ಜಾಗವೂ ಇರಲಿಲ್ಲ, ನೇರ ಇಳಿಜಾರು. ಯಾಕೆ ಇಳಿದೆನೋ ತಿಳಿಯದು. ಕಂಡಕ್ಟರ್ "ಮೇಡಂ, ಇಲ್ಲಿ ಎಂತದೂ ಇಲ್ಲ" ಎನ್ನುತ್ತಿದ್ದಂತೆ ಚೀಲ ಹಿಡಿದು ಇಳಿದುಬಿಟ್ಟೆ.

ಸ್ವಲ್ಪ ಹಿಂದಕ್ಕೆ ನಡೆದರೆ ಕಾಲುದಾರಿ, ಅದರ ತುದಿಗೊಂದು ಹಂಚಿನ ಮನೆ. ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬರು ಮುರುಗಲು ಹಣ್ಣಿನ ಸಿಪ್ಪೆ ಒಣಗಿಸುತ್ತಿದ್ದರು. ನೀರು ಕೇಳಿದೆ. ಬೆಲ್ಲವನ್ನೂ ತಂದುಕೊಟ್ಟರು. ಕುಡಿಯುತ್ತ ನೋಡುತ್ತೇನೆ, ಅಂಗಳದಂಚಿನ ಚಪ್ಪಟೆ ಕಲ್ಲಿನ ಮೇಲೆ ಒಂದು ಜೊತೆ ಹೊಸ ಚರ್ಮದ ಮೆಟ್ಟು, ಅದರ ಮೇಲೆ ದಾಸವಾಳ. ಲೋಟ ಕೆಳಗಿಟ್ಟೆ. ನಮ್ಮ ಮನೆಯಲ್ಲೂ ಸಿಪಾಯಿ ಅಜ್ಜನ ಎಡೆಯ ಪಕ್ಕ ಒಂದು ಜೊತೆ ಮೆಟ್ಟು ಇಡುತ್ತೇವೆ. ಬೇರೆ ಯಾವ ಹಿರಿಯರಿಗೂ ಇಲ್ಲ. ಸಾಯುವಾಗ ಹಾಗೆ ಕೇಳಿಕೊಂಡಿದ್ದನಂತೆ. ಯಾಕೆಂದು ಯಾರಿಗೂ ತಿಳಿದಿರಲಿಲ್ಲ.

"ಅಮ್ಮಾ, ಅದು ಯಾರಿಗೆ?"

"ಅದಾ ತಂಗಿ? ನಮ್ಮ ಮನೆಯ ಹಳೇ ಕತೆ. ದ್ಯಾವ ಅಂತ ಒಬ್ಬ ಹುಡ್ಗ ಇದ್ನಂತೆ. ಅಪ್ಪನ ಹತ್ರ ಜಗಳ ಮಾಡಿ ಬರಿಗಾಲಲ್ಲೇ ದಂಡಿಗೆ ಹೋದವ ತಿರುಗಿ ಬರ್ಲೇ ಇಲ್ಲ. ಮಗ ಬಂದ್ರೆ ಹಾಕ್ಕೊಳ್ಳಿ ಅಂತ ಅವ್ನ ತಾಯಿ ಇಟ್ಟದ್ದು. ನಾವೂ ಬಿಡ್ಲಿಲ್ಲ."

ಅಲ್ಲೇ ಕೂತೆ. ಆಮೇಲೆ ಅಳುತ್ತಲೇ ಎಲ್ಲ ಹೇಳಿದೆ. ಅವರು ಮುರುಗಲಿನ ಕೆಂಪು ಹತ್ತಿದ ಕೈಯಿಂದ ನನ್ನ ಗಲ್ಲ ಹಿಡಿದು, "ಹಂಗಾರೆ ಅವ ಬದುಕಿದ್ನಾ? ಮಕ್ಳು ಮರಿ ಆದ್ವಾ?" ಎಂದು ಮತ್ತೆ ಮತ್ತೆ ಕೇಳಿದರು. ಮದುವೆಗೆ ನಾನು ಹೋಗಲೇ ಇಲ್ಲ.

ಆ ಸಲದ ಅಮಾವಾಸ್ಯೆಗೆ ಅವರು ಮಗನ ಜೊತೆ ನಮ್ಮ ಮನೆಗೆ ಬಂದರು. ಅಪ್ಪ ಎಡೆಯ ಮುಂದೆ ನಿಂತು, "ದ್ಯಾವಜ್ಜಾ, ಊಟಕ್ಕೆ ಬಾ" ಎಂದು ಕರೆದರು. ಒಮ್ಮೆಯೂ ತಡವರಿಸಲಿಲ್ಲ. ಈಗ ಎರಡೂ ಮನೆಗಳ ನಡುವೆ ಹೋಗಿಬರುವ ಬಳಕೆ ಬೆಳೆದಿದೆ. ಅಲ್ಲಿಯ ಮೊಮ್ಮಗಳು ನಮ್ಮಲ್ಲೇ ಉಳಿದು ಓದಿದಳು.

ದ್ಯಾವ, ಸಿಪಾಯಿ ಅಜ್ಜ ಇಬ್ಬರೂ ಒಬ್ಬನೇ ಎನ್ನಲು ಕಾಗದದ ಪುರಾವೆಯಿಲ್ಲ, ಒಪ್ಪುತ್ತೇನೆ. ಆದರೆ ಆ ದನಿ? ಬಿಸಿಲಿನ ಭ್ರಮೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಅಪ್ಪ ತೀರಿಕೊಳ್ಳುವ ಮೊದಲು ಒಂದು ಸಂಜೆ ಕೇಳಿದರು, "ಮಗಾ, ಅವತ್ತು ಕರೆದದ್ದು ಮುದುಕನ ದನಿಯಾ?"

ಅಲ್ಲಿಯವರೆಗೆ ನಾನು ಅದನ್ನು ಯೋಚಿಸಿರಲೇ ಇಲ್ಲ. "ಇಲ್ಲ ಅಪ್ಪಾ" ಎಂದೆ. "ಹುಡುಗನ ದನಿ. ಹದಿನೆಂಟು ಇದ್ದೀತು."

"ಹಂಗಾದ್ರೆ ಮನೆ ಬಿಟ್ಟು ಹೋದಾಗಿನ ದನಿ" ಎಂದರು ಅಪ್ಪ.