ದೊಡ್ಡಪ್ಪನ ಸೈಕಲ್ ಚೈನು

ಹೊಸ ಜೀನ್ಸ್ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಬಳ್ಳಾರಿಯ ಪಾರ್ವತಿನಗರದ ಆ ಪಡಸಾಲೆಯಲ್ಲಿರುತ್ತೇನೆ. ನಿಮಗೂ ಇಂಥ ನೆನಪಿನ ವಾಸನೆಯೊಂದು ಇದ್ದೇ ಇರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ನಮ್ಮೂರು ಕರೂರಿನಿಂದ ಬಸ್ಸು ಹತ್ತಿ ಬಂದ ನನ್ನನ್ನು ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಬೇಸಿಗೆಯಿಡೀ ಹೊಲಿದ ಪ್ಯಾಂಟುಗಳ ತುದಿದಾರ ಕತ್ತರಿಸಲು ಕೂರಿಸಿಕೊಂಡಿದ್ದಳು. ಪಡಸಾಲೆಯೇ ಅವರ ಕಾರ್ಖಾನೆ. ಸಾಲಾಗಿ ಕರೆಂಟಿನ ಹೊಲಿಗೆ ಮಿಷನ್ನುಗಳು, ಕಾಲಿಟ್ಟಲ್ಲೆಲ್ಲ ಪ್ಯಾಂಟು, ಗೋಡೆಗೆ ಒರಗಿದ ದೊಡ್ಡಪ್ಪನ ಸೈಕಲ್ಲು. ಮಕ್ಕಳಿಲ್ಲದ ಮನೆ, ದೊಡ್ಡಪ್ಪ ಸೈಕಲ್ಲನ್ನು ದಿನಾ ಒರೆಸುವ ಚಂದ ನೋಡಿ ದೊಡ್ಡವ್ವ "ನಮ್ಮ ಹಿರೇಮಗ" ಎಂದು ಆಡಿಕೊಳ್ಳುತ್ತಿದ್ದಳು.

ಆ ವರ್ಷ ದೊಡ್ಡವ್ವನ ಬಲಮಂಡಿ ಕೈಕೊಟ್ಟಿತ್ತು. ಮಿಷನ್ನಿನ ಮೇಜಿನಡಿ ಒಂದು ಕಬ್ಬಿಣದ ಹಿಡಿ ಇರುತ್ತಿತ್ತು. ಮಂಡಿಯಿಂದ ಬದಿಗೆ ನೂಕಿದರೆ ಮೇಲೆ ಬಟ್ಟೆ ಅದುಮಿ ಹಿಡಿದ ಲೋಹದ ಪಾದ ಏಳುತ್ತಿತ್ತು, ಕೈ ಬಟ್ಟೆ ಬಿಡಬೇಕಾಗಿರಲಿಲ್ಲ. ಎಂಥ ಜಾಣ ಏರ್ಪಾಟು! ಆದರೆ ನೂಕಿದಾಗಲೆಲ್ಲ ದೊಡ್ಡವ್ವ ಹಲ್ಲು ಕಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಕತ್ತರಿ ಕೆಳಗಿಟ್ಟು, "ಮಿಷನ್ ಮುಂದ ಕೂಡೂದು ಇನ್ನ ಸಾಕಾತು" ಎಂದುಬಿಟ್ಟಳು. ಹೊಲಿಗೆ ಬಿಟ್ಟರೆ ನಮ್ಮ ದೊಡ್ಡವ್ವ ನಮ್ಮ ದೊಡ್ಡವ್ವನಾಗಿ ಉಳಿಯುವುದಿಲ್ಲವೆಂದು ನನಗೆ ಅಳು ಬಂತು. ಬಿದ್ದ ದಾರದ ಬಾಬಿನ್ ಹುಡುಕುವ ನೆಪದಲ್ಲಿ ಮೇಜಿನಡಿ ತೂರಿದೆ. ಅಲ್ಲಿ ಆ ಹಿಡಿಯ ಸರಳನ್ನು ಸುಮ್ಮನೆ ಕೆಳಕ್ಕೆ ಎಳೆದು ನೋಡಿದೆ.

"ದೊಡ್ಡಪ್ಪಾ, ಕೆಳಗಿಂದ ಜಗ್ಗಿದ್ರೂ ಪಾದ ಏಳತೈತಿ! ಎಡಗಾಲಿಗೆ ಒಂದು ಪೆಡಲ್ ಕಟ್ಟಿದ್ರ?"

ದೊಡ್ಡಪ್ಪ ಬಗ್ಗಿ ನೋಡಿದ. ಹಲಗೆಯ ತುಂಡೊಂದನ್ನು ಪೆಡಲ್ ಮಾಡಿ ತಂತಿ ಕಟ್ಟಿದ, ಕಿತ್ತುಬಂತು. ಹಗ್ಗ ಕಟ್ಟಿದ, ಹಿಗ್ಗಿತು. ಸ್ವಲ್ಪ ಹೊತ್ತು ಗೋಡೆ ಕಡೆ ನೋಡುತ್ತ ನಿಂತವನು ಸೈಕಲ್ಲಿನ ಚೈನು ಬಿಚ್ಚಿ, ಎರಡು ಮಡಿಕೆ ಮಾಡಿ ತೂಗುಹಾಕಿದ. ಅಳೆದಿಟ್ಟ ಹಾಗೆ ಕೂತಿತು.

"ಅಯ್ಯ, ನಿಮ್ಮ ಸೈಕಲ್‌ರೀ!" ಎಂದಳು ದೊಡ್ಡವ್ವ.

"ನನಗ ನಡ್ಯಾಕ ಬರತೈತಿ. ನೀ ಹೊಲಿ."

ಅಂದಿನಿಂದ ದೊಡ್ಡಪ್ಪ ಎಲ್ಲಿಗೂ ನಡೆದೇ ಹೋದ. ಕುರುಗೋಡಿನ ನಂಟರ ಮನೆಗೆ ಮಾತ್ರ ಬಸ್ಸು. ಬೇರೆ ಚೈನು ತರಲೇ ಇಲ್ಲ. ಸೈಕಲ್ ಯಾಕೆ ನಿಂತಿದೆಯೆಂದು ಗೆಳೆಯರು ಕೇಳಿದರೆ ಮಿಷನ್ನಿನ ಸದ್ದಿಗೆ ಕಿವಿಗೊಟ್ಟು, "ನಿಂತಿಲ್ಲಲೇ, ಕೇಳು. ಓಡಾಕತ್ತೈತಿ" ಎನ್ನುತ್ತಿದ್ದ. ದೊಡ್ಡವ್ವ ಎಷ್ಟೋ ವರ್ಷ ಹೊಲಿದಳು. ಬಂದವರಿಗೆಲ್ಲ ಪೆಡಲ್ ತೋರಿಸಿ, "ನಮ್ಮ ಹುಡುಗಿ ಕಂಡಿದ್ದು" ಎನ್ನುತ್ತಿದ್ದಳು. ಇಂದು ಸಿರುಗುಪ್ಪದ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಅದಕ್ಕಿಂತ ದೊಡ್ಡ ಬಹುಮಾನ ಸಿಕ್ಕಿಲ್ಲ. ಆ ಇಬ್ಬರ ಋಣ ತೀರುವಂಥದ್ದೂ ಅಲ್ಲ.

ಈಗ ದೊಡ್ಡಪ್ಪನೂ ಇಲ್ಲ. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ದೊಡ್ಡವ್ವ ತೀರಿಕೊಂಡು ದಿವಸದ ಕಾರ್ಯ ಮುಗಿದ ದಿನ ದೊಡ್ಡಪ್ಪ ನನ್ನನ್ನು ಬಸ್ಸಿಗೆ ಕಳಿಸಲು ಬಂದಿದ್ದ, ಸೈಕಲ್ಲಿನ ಜೊತೆ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಏರಿಸಿದ್ದ. ಬಸ್ಸಿನ ಕಿಟಕಿಯಿಂದ, "ಬಿಸಿಲೈತಿ, ಹತ್ತಿ ಹೋಗು ದೊಡ್ಡಪ್ಪ" ಎಂದೆ.

"ನಡದೇ ರೂಢಿ ಆಗೈತವ್ವ" ಎಂದ. ಸೈಕಲ್ಲನ್ನು ತಿರುಗಿಸಿ, ಸೀಟಿನ ಮೇಲೆ ಕೈಯಿಟ್ಟು ತಳ್ಳುತ್ತ ಮನೆಯ ಕಡೆ ಹೊರಟ.